ಅಂಗಳದಲ್ಲೇ ಕೈ ತೊಳೆದ ಜಿಜಾಬಾಯಿ

ಭಾಲ್ಕಿಯಲ್ಲಿ ಒಬ್ಬರ ಬೆರಳು ಕೊಯ್ದರೆ ಹತ್ತು ಮಂದಿ ವೈದ್ಯರು ಹುಟ್ಟುತ್ತಿದ್ದರು. ಒಬ್ಬ ಬಾಯಲ್ಲಿದ್ದ ತಂಬಾಕು ಉಗುಳಿ ಅದನ್ನೇ ಗಾಯಕ್ಕೆ ಮೆತ್ತುತ್ತಿದ್ದ. ಇನ್ನೊಬ್ಬಳು ಒಲೆಯ ಬೂದಿ ತರುತ್ತಿದ್ದಳು. ಎತ್ತಿನ ಗಾಡಿ ಹತ್ತಿರದಲ್ಲಿದ್ದರೆ ಅಚ್ಚಿನ ಕರೀ ಕೀಲೆಣ್ಣೆ ಬರುತ್ತಿತ್ತು. ಗೋಡೆಯ ಮೂಲೆಯಲ್ಲಿ ಜೇಡ ಇದ್ದರೆ ಅದರ ಬಲೆಗೂ ಕೆಲಸ ಸಿಗುತ್ತಿತ್ತು. ಎಲೆಅಡಿಕೆಯ ಸುಣ್ಣವಂತೂ ಎಲ್ಲರ ಚಂಚಿಯಲ್ಲೇ ಇರುತ್ತಿತ್ತು. ಊರಿನ ಸಕಲ ಹೊಲಸೂ ಆ ಒಂದು ಅಂಗುಲದ ಗಾಯದ ಮೇಲೆ ಬಂದು ಕೂಡುತ್ತಿತ್ತು, ನೀರೊಂದನ್ನು ಬಿಟ್ಟು. ನೀರು ಸೋಕಿದರೆ ಗಾಯ ಕೀವಾಗುತ್ತದೆ ಎಂದು ಇಡೀ ಊರಿಗೆ ಗೊತ್ತಿತ್ತು. ಇಡೀ ಊರಿಗೆ ಗೊತ್ತಿರುವುದನ್ನು ತಪ್ಪು ಎನ್ನಲು ಎದೆ ಬೇಕು. ಜಿಜಾಬಾಯಿಗೆ ಆ ಎದೆ ಇತ್ತು. ಆದರೆ ಆಕೆಯ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಅಲ್ಲಿ ಆಡಿದ ಮಾತು ಪೇಟೆ ಮುಟ್ಟುವಷ್ಟರಲ್ಲಿ ಮೈಲಿಗೆಯಾಗಿಬಿಡುತ್ತಿತ್ತು.

ಆಕೆ ಹುಟ್ಟಿದ್ದು ಔರಾದ ತಾಲೂಕಿನ ಡಾಬಕಾದಲ್ಲಿ. ಒಂಬತ್ತು ವರ್ಷದವಳಿದ್ದಾಗ ಅಣ್ಣ ಪಂಢರಿ ಜೋಳ ಕೊಯ್ಯುತ್ತ ಮೊಣಕಾಲ ಕೆಳಗೆ ಕುಡುಗೋಲು ತಾಗಿಸಿಕೊಂಡ. ದೊಡ್ಡ ಗಾಯವೇನಲ್ಲ. ಹೊಲದ ಗೌಡನಿಗೆ ಆ ಹೊತ್ತಿನಲ್ಲಿ ಕರುಣೆ ಉಕ್ಕಿತು. ಗಾಡಿಯ ಅಚ್ಚಿನಿಂದ ಕೀಲೆಣ್ಣೆ ತೆಗೆಸಿ ಹಚ್ಚಿಸಿದ. ಎಂಟನೇ ದಿನ ಪಂಢರಿಯ ದವಡೆ ಬಿಗಿಯಿತು. ಹತ್ತನೇ ದಿನ ಮೈ ಬಿಲ್ಲಿನಂತೆ ಬಾಗಿತು. ಹನ್ನೊಂದನೇ ದಿನ ಮಣ್ಣು ಕೊಟ್ಟರು. ಯಾರದೋ ದೃಷ್ಟಿ ತಾಗಿತು ಎಂದು ಊರು ತೀರ್ಮಾನಿಸಿತು, ಗೌಡನ ಕರುಣೆಗೆ ಯಾವ ದೋಷವೂ ತಗಲಲಿಲ್ಲ. ಅಣ್ಣನ ಕಾಲಮೇಲಿನ ಆ ಕರೀ ಬಣ್ಣ ಮಾತ್ರ ಜಿಜಾಬಾಯಿಯ ಕಣ್ಣಿನಿಂದ ಹೋಗಲಿಲ್ಲ.

ರೈಲು ಹಳಿಯ ಮೇಲೆ ದುಡಿಯುವ ಕಾಶೀರಾಮನನ್ನು ಮದುವೆಯಾಗಿ ಬೀದರಿಗೆ ಬಂದಾಗ ಅಲ್ಲಿ ಒಂದು ಸಣ್ಣ ದವಾಖಾನೆಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಕಂಪೌಂಡರ್ ಸಲಾವೋದ್ದೀನ ಮುದುಕ. ನೀರಿನ ಬೋಗಾಣಿ ಹಿಡಿದು ನಿಲ್ಲಲು ಆತನಿಗೆ ಒಬ್ಬರು ಬೇಕಿತ್ತು. ಹಿಡಿಯುವವರ ಜಾತಿ ಆತ ಕೇಳಲಿಲ್ಲ. ಪ್ರತಿ ಸಲವೂ ಒಂದೇ ಪಾಠ: "ಪೈಲೆ ಪಾನಿ, ಬಾದ್ ಮೆ ಪಟ್ಟಿ." ಮೊದಲು ನೀರು, ಆಮೇಲೆ ಪಟ್ಟಿ. ನೀರು ಕುದಿಸಿ ಆರಿಸಿರಬೇಕು. ಅದಕ್ಕೂ ಮೊದಲು ತೊಳೆಯುವವರ ಕೈ ಸಾಬೂನಿನಲ್ಲಿ ಬೆಳ್ಳಗಾಗಿರಬೇಕು. ರಕ್ತ ಸುರಿಯುತ್ತಿದ್ದರೆ ಚೊಕ್ಕ ಅರಿವೆ ಇಟ್ಟು ಒತ್ತಿ ಹಿಡಿಯಬೇಕು, ಘಳಿಗೆಗೊಮ್ಮೆ ತೆಗೆದು ನೋಡಬಾರದು. ಅರಿವೆ ಹಳೆಯದಾದರೂ ನಡೆದೀತು, ಕುದಿಸಿ ಬಿಸಿಲಿಗೆ ಒಣಗಿಸಿರಬೇಕು. ದಿನಕ್ಕೊಮ್ಮೆ ಬದಲಾಯಿಸಬೇಕು. ನಾಲ್ಕು ವರ್ಷ ಬೋಗಾಣಿ ಹಿಡಿದ ಜಿಜಾಬಾಯಿಗೆ ಇಷ್ಟು ಬಂತು. ಕಾಶೀರಾಮನಿಗೆ ಭಾಲ್ಕಿ ಸ್ಟೇಷನ್ನಿಗೆ ವರ್ಗವಾದಾಗ ಆಕೆ ಒಂದು ತಗಡಿನ ಡಬ್ಬಿ ತುಂಬ ಕುದಿಸಿದ ಅರಿವೆಯ ಪಟ್ಟಿ ತುಂಬಿಕೊಂಡು ಬಂದಳು. ಕೇರಿಯವರು ಮೊದಲು ಡಾಕ್ಟರೀಣಿ ಎಂದು ನಕ್ಕರು. ಎರಡು ಮಳೆಗಾಲ ಕಳೆದ ಮೇಲೆ, ಕಾಲು ಕೊಯ್ದುಕೊಂಡ ಮಕ್ಕಳನ್ನು ಎತ್ತಿಕೊಂಡು ನಕ್ಕವರೇ ಓಡಿ ಬಂದರು.

ಊರೊಳಗೆ ಆಕೆಗೆ ಬೇರೆ ಕೆಲಸವಿತ್ತು. ತೊಗರಿ ವ್ಯಾಪಾರದ ಹಾವಗೆಪ್ಪ ಸಾವಕಾರನ ಮನೆಯ ಹೊರಗಿನ ಅಂಗಳ, ದನದ ಕೊಟ್ಟಿಗೆ ಬಳಿಯುವುದು. ಮೇಲಿನಿಂದ ಬಿಟ್ಟ ರೊಟ್ಟಿಯನ್ನು ಸೆರಗೊಡ್ಡಿ ಹಿಡಿಯುವುದು. ಹಾವಗೆಪ್ಪನ ಪಡಸಾಲೆಯಲ್ಲಿ ಬಸವಣ್ಣನವರ ಪಟವಿತ್ತು. ದಿನಾ ಅದಕ್ಕೆ ಹೂವಿನ ಮಾಲೆ ಬೀಳುತ್ತಿತ್ತು. ಅವರು ಯಾರನ್ನು ಮನೆಯೊಳಗೆ ಕರೆದರು, ಯಾರ ಜೊತೆ ಕೂತು ಉಂಡರು ಎಂಬುದನ್ನು ಹಾವಗೆಪ್ಪ ಕಂಠ ತುಂಬಿ ಹೇಳುತ್ತಿದ್ದ, ಕಣ್ಣಲ್ಲಿ ನೀರು ತರುತ್ತಿದ್ದ. ಅದೇ ಪಟದ ಎದುರಿನ ಹೊಸ್ತಿಲಿನಿಂದ ಅಂಗಳದ ಬೇವಿನ ಗಿಡದವರೆಗೆ ಹದಿನೆಂಟು ಹೆಜ್ಜೆ. ಜಿಜಾಬಾಯಿ ಗಿಡ ದಾಟಬಾರದು.

ಐವತ್ತಾರನೇ ಇಸವಿಯ ಅಕ್ಟೋಬರ್. ಬೀದರ ಜಿಲ್ಲೆಯನ್ನು ಹರಿದು ಹಂಚುವ ಸುದ್ದಿ ಗಟ್ಟಿಯಾಗಿತ್ತು. ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ, ಉದಗೀರ ಕಡೆಯದು ಮುಂಬೈಗೆ. ನವೆಂಬರ್ ಒಂದಕ್ಕೆ ಶಾಲೆಯ ಬಯಲಲ್ಲಿ ದೊಡ್ಡ ಜಲ್ಸಾ, ಮೈಸೂರು ಕಡೆಯ ಅಧಿಕಾರಿಗೆ ಆರತಿ, ಭಾಷಣ, ಪೇಢೆ. ಸಮಿತಿಯ ಅಧ್ಯಕ್ಷ ಹಾವಗೆಪ್ಪ. ನಿಜಾಮನ ಕಾಲದಲ್ಲಿ ತಹಶೀಲದಾರನಿಗೆ ಬಗ್ಗಿದ ಸೊಂಟವೇ ಈಗ ಮೈಸೂರಿನ ಕಡೆ ತಿರುಗಿ ಬಗ್ಗಿತು. ಸೊಂಟಕ್ಕೆ ಅಭ್ಯಾಸವಿತ್ತು, ನೋಯಲಿಲ್ಲ.

ಕೇರಿಯಲ್ಲೂ ಅದೇ ತಿಂಗಳು ಒಂದು ಸುದ್ದಿ. ಕಾಶೀರಾಮ ನಾಗಪುರಕ್ಕೆ ಹೋಗಿ, ಲಕ್ಷಾಂತರ ಜನರ ನಡುವೆ ನಿಂತು ಬುದ್ಧನಿಗೆ ಶರಣು ಹೇಳಿ, ಬಿಳೀ ಅಂಗಿಯಲ್ಲಿ ತಿರುಗಿ ಬಂದಿದ್ದ.

"ಇನ್ನ ಅವರ ಹಟ್ಟಿ ಬಳಿಯೂದು ಬಿಡು," ಎಂದ.

"ಬಿಡ್ತೇನಿ. ಒಮ್ಮೆಲೇ ಹ್ಯಾಂಗ ಬಿಡ್ಲಿ?"

"ಒಮ್ಮೆಲೇ ಬಿಟ್ಟರನ ಬಿಟ್ಟಂಗ. ಸಾವಕಾಶ ಬಿಟ್ಟರ ಅದು ಮತ್ತ ಹಿಡಕೋತದ."

ಜಿಜಾಬಾಯಿ ಮರುದಿನವೂ ಕಸಬರಿಗೆ ಹಿಡಿದು ಹೋದಳು.

ಜಲ್ಸಾಕ್ಕೆ ಐದು ದಿನ ಇರುವಾಗ ಸಮಿತಿಯ ನಲವತ್ತು ಮಂದಿಗೆ ಹಾವಗೆಪ್ಪನ ಮನೆಯಲ್ಲಿ ಊಟ. ಒಗ್ಗಟ್ಟಿನ ವಿಷಯ ಗಂಡಸರು ಪಡಸಾಲೆಯಲ್ಲಿ ಮಾತಾಡಿದರು. ಕುಂಬಳಕಾಯಿ ಹೆಂಗಸರು ಹಿತ್ತಲ ಕಡೆ ಹೆಚ್ಚಿದರು. ಹಾವಗೆಪ್ಪನ ಹೆಂಡತಿ ಸುಮಿತ್ರಾಬಾಯಿಯ ಕೈ ಈಳಿಗೆಯ ಮೇಲೆ ಜಾರಿತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಅಂಗುಲ ಕೊಯ್ತು. ಅತ್ತೆ ಅನುಸೂಯಾಬಾಯಿ ಬಂದು ಸುಣ್ಣ ತಂಬಾಕು ಕಲಸಿ ಮೆತ್ತಿ, ಹಳೇ ಸೀರೆಯ ಚೂರು ಬಿಗಿದಳು. ಸುಮಿತ್ರಾಬಾಯಿ ಎಡಗೈಯಲ್ಲಿ ನಲವತ್ತು ಜನಕ್ಕೆ ಬಡಿಸಿದಳು. ಪಲ್ಯ ಚಲೋ ಆಗಿದೆ ಎಂದು ಎಲ್ಲರೂ ಹೊಗಳಿದರು.

ಎರಡು ದಿನಕ್ಕೆ ಕೈ ಬುರಬುರ ಊದಿತು. ಆಗ ಹಾವಗೆಪ್ಪನಿಗೆ ಚಿಂತೆ ಹತ್ತಿತು. ಹೆಂಡತಿಗೆ ಜ್ವರ ಬಂದದ್ದಕ್ಕಲ್ಲ. ಅಧಿಕಾರಿಗೆ ಆರತಿ ತಟ್ಟೆ ಹಿಡಿಯಬೇಕಾದದ್ದು ಅಧ್ಯಕ್ಷರ ಹೆಂಡತಿ, ಆ ತಟ್ಟೆ ಹಿಡಿಯಲು ಕೈ ಬೇಕಿತ್ತು.

ಅಂಗಳ ಬಳಿಯುತ್ತಿದ್ದ ಜಿಜಾಬಾಯಿ ಬೇವಿನ ಗಿಡದ ಹತ್ತಿರದಿಂದಲೇ ಕೂಗಿದಳು: "ಅಮ್ಮಾರ, ಆ ಸುಣ್ಣ ತಗದ ಒಗೀರಿ. ನೀರಿಲೇ ತೊಳೀಬೇಕರಿ ಅದನ್ನ. ನಾ ತೊಳದು ಕಟ್ತೇನಿ, ಪಟ್ಟಿ ಮನ್ಯಾಗ ಅವ."

"ಏ ಜೀಜಿ, ಅಲ್ಲೇ ನಿಂದ್ರು!" ಅನುಸೂಯಾಬಾಯಿ ಹೊಸ್ತಿಲಿಗೆ ಬಂದಳು. "ಮುಟ್ಟಾಕಿ ನೀನಾ? ಏನ್ ಹೇಳ್ತಿ, ಬಾಯಿಲೇ ಹೇಳು."

"ಬಾಯಿಲೇ ಗಾಯ ತೊಳ್ಯಾಕ ಬರಂಗಿಲ್ರಿ."

ಹಾವಗೆಪ್ಪ ನಡುವೆ ಬಂದ. ಭಾಷಣದ ಹಾಳೆ ಕೈಯಲ್ಲಿತ್ತು. "ಇರ್ಲಿ ಬಿಡವ್ವಾ. ಅಕಿ ಅಲ್ಲೇ ನಿಂತು ಮಾಡಿ ತೋರಸ್ಲಿ. ನೀವು ಒಳಗ ನೋಡ್ಕೋತ ಹಂಗ ಮಾಡ್ರಿ. ಮುಟ್ಟಿದಂಗೂ ಆಗಂಗಿಲ್ಲ, ಕೆಲಸಾನೂ ಆಗ್ತದ." ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಹೀಗಾಗಿ ಆ ದಿನ ಭಾಲ್ಕಿಯ ಪೇಟೆಯಲ್ಲಿ ಗಾಯವಿಲ್ಲದ ಕೈಗೆ ಚಿಕಿತ್ಸೆ ನಡೆಯಿತು. ಜಿಜಾಬಾಯಿ ಮನೆಗೆ ಹೋಗಿ ಡಬ್ಬಿ ತಂದು ಬೇವಿನ ಗಿಡದ ಕೆಳಗೆ ಕುಕ್ಕರುಗಾಲಲ್ಲಿ ಕೂತಳು. ಮನೆಯ ಆಳು ಮಡೆಪ್ಪ ತಂಬಿಗೆ ಎತ್ತರಕ್ಕೆ ಹಿಡಿದು ಆಕೆಯ ಕೈಮೇಲೆ ನೀರು ಬಿಟ್ಟ. ಬೀದಿಯ ಮಂದಿ ನಿಂತು ನೋಡಿದರು.

"ನಿನ್ನ ಕೈಗೇನಾಗೇದ, ಜಿಜಾಬಾಯಿ?" ಮಡೆಪ್ಪ ಮೆಲ್ಲಗೆ ಕೇಳಿದ.

"ಸಾವಕಾರ್ರ ಮನಿ ಗಾಯ ನನ್ನ ಕೈಮ್ಯಾಲ ಬಂದದ. ಸುಮ್ಮ ನೀರ ಬಿಡು." ಆಮೇಲೆ ಒಳಗೆ ಕೇಳುವಂತೆ, "ಮೊದಲ ನಿಮ್ಮ ಕೈ ತೊಳಕೋರಿ, ಅಮ್ಮಾರ. ಸಾಬೂನ ಹಚ್ಚಿ."

"ಗಾಯ ಆಗಿದ್ದು ಅಕಿಗಿ. ನನ್ನ ಕೈ ಯಾಕ ತೊಳೀಲಿ?"

"ತೊಳೀರಿ ಅಂದೆ. ಹಾಂ. ಈಗ ಕುದಿಸಿ ಆರಿಸಿದ ನೀರು ಬಿಡ್ರಿ. ತಿಕ್ಕಬ್ಯಾಡ್ರಿ, ಸುಣ್ಣ ತಾನ ಬಿಡ್ತದ. ಬಿಡ್ಲಿಲ್ಲಂದ್ರ ಮತ್ತ ನೀರ ಬಿಡ್ರಿ."

ಒಳಗಿನಿಂದ ಸುಮಿತ್ರಾಬಾಯಿಯ ನರಳಾಟ ಕೇಳುತ್ತಿತ್ತು. ಹೊರಗೆ ಜಿಜಾಬಾಯಿ ತನ್ನ ಗಟ್ಟಿಮುಟ್ಟಾದ ಕೈಯನ್ನು ಎಷ್ಟು ನಾಜೂಕಾಗಿ ತೊಳೆದಳೆಂದರೆ ನೋಡುವವರಿಗೆ ಆ ಕೈಯಲ್ಲೇ ಗಾಯ ಕಾಣತೊಡಗಿತು. ಕೊನೆಗೆ ಡಬ್ಬಿಯಿಂದ ಎರಡು ಪಟ್ಟಿ ತೆಗೆದಳು. ಒಂದನ್ನು ತನ್ನ ಕೈಗೆ ಸುತ್ತಿ ಗಂಟು ಎಷ್ಟು ಸಡಿಲ ಇರಬೇಕೆಂದು ತೋರಿಸಿದಳು. ಇನ್ನೊಂದನ್ನು ನೆಲದ ಮೇಲೆ ಇಟ್ಟ ತಟ್ಟೆಯಲ್ಲಿಟ್ಟು ಹಿಂದೆ ಸರಿದಳು. ಮಡೆಪ್ಪ ತಟ್ಟೆ ಒಯ್ದ.

"ಹಂಗ ಒಣಾ ಇದ್ದದ್ದನ್ನ ಕಟ್ರಿ!" ಎಂದು ಕೂಗಿದಳು.

"ಆತು, ಆತು. ಎಲ್ಲಾ ಶುದ್ಧ ಮಾಡಿ ಕಟ್ತೇನಿ," ಒಳಗಿನಿಂದ ಅನುಸೂಯಾಬಾಯಿಯ ದನಿ.

ಆ ಮಾತಿನಲ್ಲೇ ಎಲ್ಲ ಇತ್ತು. ಜಿಜಾಬಾಯಿಗೆ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಕೊಟ್ಟಿಗೆಯ ಹಿಂದೆ ಸುಮಿತ್ರಾಬಾಯಿ ಕೈ ಹಿಡಿದುಕೊಂಡು ನಿಂತಿದ್ದಳು. ಜ್ವರಕ್ಕೆ ಮುಖ ಕೆಂಡವಾಗಿತ್ತು. ಹತ್ತು ಹೆಜ್ಜೆ ದೂರಕ್ಕೇ ವಾಸನೆ ಬಂತು. ಸಲಾವೋದ್ದೀನನ ಬೋಗಾಣಿ ಹಿಡಿದವಳಿಗೆ ಆ ವಾಸನೆ ಹೊಸದಲ್ಲ.

"ತಾಯಿ, ಅರಿವಿಗಿ ಏನ್ ಹಚ್ಚೀರಿ?"

ಸುಮಿತ್ರಾಬಾಯಿ ಆಚೀಚೆ ನೋಡಿದಳು. "ಅತ್ತಿ ಅದನ್ನ ಮನಿಗಿ ಬಂದ ಮಠದ ಅಯ್ಯನವರ ಪಾದ ತೊಳದ ನೀರಾಗ ಅದ್ದಿ ಕಟ್ಯಾರ. ದಿನಾ ಎರಡ ಸರ್ತಿ ಮ್ಯಾಲ ಹಾಕ್ಲಿಕತ್ತಾರ. ಅರಿವಿಗಿ ನಿನ್ನ ಕೈ ಸೋಂಕಿತ್ತಲ್ಲ."

ಕುದಿಸಿ, ಬಿಸಿಲಿಗೆ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ಕಾದಿಟ್ಟ ಪಟ್ಟಿ ಆ ಮನೆಯ ಲೆಕ್ಕದಲ್ಲಿ ಹೊಲಸು. ರೈಲು ಇಳಿದು, ದನದ ಬಜಾರು ದಾಟಿ, ಪೇಟೆಯ ಗಟಾರ ಜಿಗಿದು ಬಂದ ಬರಿಗಾಲನ್ನು ತೊಳೆದ ನೀರು ಶುದ್ಧ. ಅಯ್ಯನವರ ಪಾದ ಪವಿತ್ರವೇ ಇದ್ದೀತು. ಭಾಲ್ಕಿಯ ದನದ ಬಜಾರು ಪವಿತ್ರವಲ್ಲ.

ಜಿಜಾಬಾಯಿ ಮೊದಲ ಸಲ ಬೇವಿನ ಗಿಡ ದಾಟಿ, ಹೊಸ್ತಿಲಿನತ್ತ ಹೋಗಿ ಅತ್ತೆಯನ್ನು ಕೂಗಿದಳು. "ಅಮ್ಮಾರ, ಇದನ್ನ ಈಗಿಂದೀಗ ಬಿಚ್ರಿ! ಇಲ್ಲಾ ದವಾಖಾನಿಗಿ ಒಯ್ರಿ. ಕೈ ಹೋಗ್ತದ!"

"ಹಿಂದ ಸರಿ!" ಅನುಸೂಯಾಬಾಯಿ ಚೀರಿದಳು. "ನಿನ್ನ ಮಾತ ಕೇಳಿ ನೀರ ಹಚ್ಚಿದ್ದಕ್ಕ ಹೀಂಗಾತು. ಸುಣ್ಣ ಇದ್ದಿದ್ರ ಇಷ್ಟೊತ್ತಿಗಿ ಮಾಯ್ತಿತ್ತು."

ಹಾವಗೆಪ್ಪ ಭಾಷಣದ ಹಾಳೆ ಮಡಚಿದ. "ನನ್ನ ಹೇಣ್ತಿ ಕೈ ಕಂಡಕಂಡ ಡಾಕ್ಟರ್ ಹಿಡೀಬೇಕಾ? ನಾಳಿ ಜಲ್ಸಾ ಮುಗೀಲಿ, ನೋಡೋಣು. ಆದ್ರ ಒಂದ ಮಾತ ಕೇಳು, ಜೀಜಿ. ಆ ಕೈಗಿ ಏನರ ಆತಂದ್ರ ನಿನ್ನನ್ನಷ್ಟ ಕೇಳಂಗಿಲ್ಲ, ನಿಮ್ಮ ಇಡೀ ಕೇರೀನ ಕೇಳ್ತೇವಿ."

ಜಿಜಾಬಾಯಿ ಆ ದಿನದ ಕೆಲಸ ಅರ್ಧಕ್ಕೇ ನಿಲ್ಲಿಸಿ ಕಸಬರಿಗೆಯನ್ನು ಅಲ್ಲೇ ಬಿಟ್ಟು ಬಂದಳು. ಕಾಶೀರಾಮ ಕೇಳಿ ಸಿಟ್ಟಾದ, ಆದರೆ ಸಾವಕಾರನ ಬೆದರಿಕೆ ಅವನಿಗೆ ಹೊಸದಲ್ಲ. ಅವಳು ಯೋಚಿಸುತ್ತಿದ್ದದ್ದು ಬೆದರಿಕೆಯನ್ನೂ ಅಲ್ಲ. ಪಂಢರಿಯ ಮೊಣಕಾಲ ಕೆಳಗಿನ ಆ ಕರೀ ಬಣ್ಣ ಕಣ್ಣಿಗೆ ಕಟ್ಟಿತ್ತು.

ಮರುದಿನ ಊರು ಖಾಲಿ. ಎಲ್ಲರೂ ಶಾಲೆಯ ಬಯಲಲ್ಲಿ. ಕೇರಿಯ ಜನರಿಗೂ ಕರೆ ಇತ್ತು, ಹಗ್ಗದ ಆಚೆ ನಿಲ್ಲಲು. ಕಾಶೀರಾಮ ಅಲ್ಲಿಗೆ ಹೋಗದೆ ಹಳಿ ಕೆಲಸಕ್ಕೆ ಹೋದ. ಮೈಕಿನ ಭೋಂಗಾದ ದನಿ ಮಾತ್ರ ಹಗ್ಗ ದಾಟಿ ಕೇರಿಯ ಪ್ರತಿ ಮನೆಗೂ ಬರುತ್ತಿತ್ತು. ಜಿಜಾಬಾಯಿ ಒಲೆಯ ಮೇಲೆ ನೀರಿಟ್ಟಿದ್ದಳು. ಯಾಕೆ ಇಟ್ಟಳೋ ಅವಳಿಗೇ ಗೊತ್ತಿರಲಿಲ್ಲ, ಕೈಗೆ ಬೇರೆ ಕೆಲಸ ಬರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಜಲ್ಸಾಕ್ಕೆಂದು ಉಟ್ಟ ರೇಷ್ಮೆ ಇಳಕಲ್ ಸೀರೆ, ಸೆರಗಿನಲ್ಲಿ ಮುಚ್ಚಿದ ಕೈ. ಸುಮಿತ್ರಾಬಾಯಿ ಒಬ್ಬಳೇ ನಡೆದು ಬಂದಿದ್ದಳು.

"ತಟ್ಟಿ ಹಿಡ್ಯಾಕ ಆಗ್ಲಿಲ್ಲ," ಎಂದಳು. "ಹೆಬ್ಬೆರಳ ಮಡಚ್ಲಿಲ್ಲ. ತಟ್ಟಿ ಇನ್ನೊಬ್ಬಾಕಿ ಕೈಯಾಗ ಕೊಟ್ಟು, ನೀ ಮನಿಗಿ ನಡಿ ಅಂದ್ರು. ನಾ ಇಲ್ಲಿಗಿ ಬಂದೆ."

"ಯಾರರ ನೋಡ್ಯಾರೇನ್ರಿ?"

"ನೋಡ್ಲಿ ಬಿಡು. ಕೈ ಅವರದಲ್ಲ."

ಜಿಜಾಬಾಯಿ ಚಾಪೆ ಕೊಡವಿ ಹಾಸಿದಳು. ತನ್ನ ಕೈಗೆ ಸಾಬೂನು ಹಚ್ಚಿ ಮೊಳಕೈವರೆಗೆ ತೊಳೆದಳು. ಬೋಗಾಣಿಯಲ್ಲಿ ಕುದಿಸಿದ ನೀರಿಗೆ ಉಪ್ಪು ಹಾಕಿ, ಬೆಚ್ಚಗಾಗುವವರೆಗೆ ಕಾದಳು. ಆಮೇಲೆ ಹದಿನೆಂಟು ಹೆಜ್ಜೆ ಆಚೆ ಇಟ್ಟಿದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನೀರೊಳಗೆ ಇಳಿಸಿದಳು. ಪಟ್ಟಿ ಗಾಯಕ್ಕೆ ಅಂಟಿಕೊಂಡಿತ್ತು. ಎಳೆಯಲಿಲ್ಲ, ನೆನೆದು ತಾನೇ ಬಿಡುವವರೆಗೆ ಕೂತಳು.

ಭೋಂಗಾದಲ್ಲಿ ಹಾವಗೆಪ್ಪ ಶುರುವಾಗಿದ್ದ. "ಇಂದಿನಿಂದ ನಮ್ಮೊಳಗೆ ಮೇಲು ಕೀಳು ಎಂಬುದು ಇಲ್ಲ! ನಾವೆಲ್ಲ ಒಬ್ಬ ತಾಯಿಯ ಮಕ್ಕಳು!" ಮನೆಯಲ್ಲಿ ಆಡದ ಪುಸ್ತಕದ ಕನ್ನಡ. ಚಪ್ಪಾಳೆ.

"ಮನ್ಯಾಗ ನಾಕ್ ದಿನ ಓದ್ಯಾರ ಇದನ್ನ," ಸುಮಿತ್ರಾಬಾಯಿ ಹಲ್ಲು ಕಚ್ಚಿಕೊಂಡೇ ಹೇಳಿದಳು. "ನನಗೂ ಬಾಯಿಪಾಠ ಆಗೇದ. ಈಗ ನೋಡು, ಕಣ್ಣ ಒರಸ್ಕೋತಾರ."

ಭೋಂಗಾದಲ್ಲಿ ದನಿ ಒಂದು ಕ್ಷಣ ನಿಂತಿತು. ಇಬ್ಬರೂ ನಕ್ಕರು. ನಗುವಿನಲ್ಲೇ ಪಟ್ಟಿ ಬಿಟ್ಟಿತು, ಕೀವು ಒಡೆಯಿತು. ಸುಮಿತ್ರಾಬಾಯಿ ಜಿಜಾಬಾಯಿಯ ಹೆಗಲಿಗೆ ಹಣೆ ಒತ್ತಿ ಕೂಗು ನುಂಗಿದಳು. ನೀರು ಚೆಲ್ಲಿ, ಮತ್ತೆ ಹೊಸ ನೀರು, ಮತ್ತೆ ಹೊಸ ನೀರು. ಒಣ ಪಟ್ಟಿ ಸಡಿಲವಾಗಿ ಸುತ್ತಿ, ಮೊಳಕೈ ಕಡೆ ಕೆಂಪು ಗೆರೆ ಏರಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ಏರಿರಲಿಲ್ಲ.

"ನಾಳಿ ಮತ್ತ ಬರ್ರಿ. ಇಲ್ಲಿ ಕೆಂಪ ಗೆರಿ ಕಂಡ್ತಂದ್ರ, ಇಲ್ಲಾ ಜ್ವರ ಇಳೀಲಿಲ್ಲಂದ್ರ ನಾನ ನಿಮ್ಮನ್ನ ದವಾಖಾನಿಗಿ ಎಳಕೊಂಡ ಹೋಗ್ತೇನಿ. ಸಾವಕಾರ್ರು ಬಂದ್ರೂ ಸೈ, ಬರ್ಲಿಲ್ಲಂದ್ರೂ ಸೈ."

"ಬರ್ತೇನಿ, ಅಕ್ಕಾ."

ಆ ಅಕ್ಕ ಎಂಬ ಮಾತು ಬಾಯಿ ತಪ್ಪಿ ಬಂತೋ ಏನೋ. ಜಿಜಾಬಾಯಿ ಅದನ್ನು ಕೇಳಿಸದವಳಂತೆ ಬೋಗಾಣಿ ತಿಕ್ಕಲು ಎದ್ದಳು.

ಸುಮಿತ್ರಾಬಾಯಿ ಆರು ದಿನ ಬಂದಳು, ಹೊಲದ ಕಡೆ ಹೋಗುವ ನೆಪ ಹೇಳಿ. ಮರುದಿನ ಸಂಜೆಯೇ ಜ್ವರ ಇಳಿಯಿತು, ನಾಲ್ಕನೆಯ ದಿನ ಊತ ಇಳಿಯಿತು. ಹೆಬ್ಬೆರಳು ಮಡಚತೊಡಗಿತು. ಕೈ ಉಳಿಯಿತು.

ಆಮೇಲೆ ನಡೆದದ್ದು ಭಾಲ್ಕಿಗೆ ತಕ್ಕಂತೆಯೇ ನಡೆಯಿತು. ಪಾದ ತೊಳೆದ ನೀರಿನ ಮಹಿಮೆಯಿಂದ ಕೊಳೆತ ಕೈ ಹೂವಾಯಿತು ಎಂದು ಅನುಸೂಯಾಬಾಯಿ ಓಣಿಯೆಲ್ಲ ಹೇಳಿದಳು. ಅಯ್ಯನವರಿಗೆ ಶಾಲು ಹೊದಿಸಿದರು. ಹಾವಗೆಪ್ಪ ಆ ಕತೆಯನ್ನು ಎರಡು ಸಭೆಯಲ್ಲಿ ಹೇಳಿ ಎರಡು ಸಲವೂ ಕಣ್ಣೊರೆಸಿಕೊಂಡ. ಹೆಂಡತಿ ಕೇರಿಗೆ ಹೋದದ್ದು ಆತನಿಗೆ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಬೀದಿ ನೋಡಿತ್ತು, ಬೀದಿ ಹೇಳಿತ್ತು. ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಇರುವುದು ಆತನಿಗೆ ಅನುಕೂಲವಾಗಿತ್ತು. ಸುಮಿತ್ರಾಬಾಯಿಯೂ ಬಾಯಿ ಬಿಡಲಿಲ್ಲ. ಶಾಲಿನ ದಿನ ಅಯ್ಯನವರ ಪಾದಕ್ಕೆ ನೀರು ಹಾಕಿದ್ದು ಅದೇ ಕೈ. ಕೇರಿಯವರೆಗೆ ನಡೆಯುವ ಧೈರ್ಯ ಆ ತಾಯಿಗಿತ್ತು, ತನ್ನ ಪಡಸಾಲೆಯಲ್ಲಿ ಎರಡು ಮಾತು ಆಡುವಷ್ಟು ಇರಲಿಲ್ಲ.

ಡಿಸೆಂಬರಿನಲ್ಲಿ ಮಡೆಪ್ಪ ಕೇರಿಗೆ ಬಂದ. ಅನುಸೂಯಾಬಾಯಿ ಕಾಲಬೆರಳನ್ನು ಗುದ್ದಲಿಗೆ ತಾಗಿಸಿಕೊಂಡಿದ್ದಳು.

"ಅಂಗಳಕ್ಕ ಬಂದು ನಿಂದ್ರಬೇಕಂತ. ಆವಾಗಿನಂಗ ಮಾಡಿ ತೋರಸ್ಬೇಕಂತ. ಈ ಸರ್ತಿ ಕಾಲ."

ಜಿಜಾಬಾಯಿ ತನ್ನ ಕಾಲು ನೋಡಿಕೊಂಡಳು. "ನನ್ನ ಕಾಲಿಗೇನೂ ಆಗಿಲ್ಲಪಾ. ಸುಮ್ಮಸುಮ್ಮಕ ಎಷ್ಟ ಸರ್ತಿ ತೊಳೀಲಿ? ಗಾಯ ಆದವರು ಬರ್ಲಿ. ಚಾಪಿ ಹಾಸ್ತೇನಿ, ಬಿಸಿನೀರ ಇಡ್ತೇನಿ, ಮುಟ್ಟಿ ತೊಳೀತೇನಿ. ಹಂಗಂತ ಹೇಳು."

"ಬರಂಗಿಲ್ಲಂದ್ರ?"

"ಸುಣ್ಣ ಅದ ಅಲ್ಲ ಅವರ ಮನ್ಯಾಗ."

ಅವತ್ತಿನಿಂದ ಆ ಮನೆಯ ರೊಟ್ಟಿ ನಿಂತಿತು. ಕೊಟ್ಟಿಗೆ ಬಳಿಯಲು ಬೇರೆ ಕೇರಿಯಿಂದ ಯಾರನ್ನೋ ಹುಡುಕಿಕೊಂಡರು. ಅನುಸೂಯಾಬಾಯಿ ಬರಲಿಲ್ಲ, ಎರಡು ತಿಂಗಳು ಕುಂಟಿದಳು. ಬಂದವರು ಬೇರೆ. ಪೇಟೆಯ ಹಮಾಲ ಲಾಲ ಅಹ್ಮದ ಕೊಕ್ಕೆ ತಾಗಿದ ಅಂಗೈ ತಂದ. ಬೆಲ್ಲದ ಗಾಣದವರು ಕಬ್ಬಿನ ಗರಿ ಕೊಯ್ದ ಕಾಲು ತಂದರು. ಮೇಲಿನ ಓಣಿಯ ಇಬ್ಬರು ಮೂವರು ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಚಾಪೆಯ ಮೇಲೆ ಕೂತು, ನೀರಿಗೆ ಕೈ ಕೊಟ್ಟು ಹೋದರು. ಹೋಗುವಾಗ ಯಾರಿಗೂ ಹೇಳಬೇಡ ಎಂದರು. ಜಿಜಾಬಾಯಿ ಹೇಳಲಿಲ್ಲ, ನಾಳೆ ಪಟ್ಟಿ ಬದಲಿಸಲು ಬರಬೇಕು ಎಂದಷ್ಟೇ ಹೇಳಿದಳು.

ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಮಡೆಪ್ಪ ಒಂದು ಗಂಟು ಇಟ್ಟು ಹೋದ. ಯಾರು ಕೊಟ್ಟರೆಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಬಿಚ್ಚಿದರೆ ಹಾವಗೆಪ್ಪನ ಎರಡು ನಯವಾದ ಧೋತರ. ಒಂದರ ಅಂಚಿನಲ್ಲಿ ಜಲ್ಸಾದ ದಿನದ ಗುಲಾಲು ಇನ್ನೂ ಹೋಗಿರಲಿಲ್ಲ. ಜಿಜಾಬಾಯಿ ಅಂಚು ಕತ್ತರಿಸಿ ಎಸೆದು, ಉಳಿದದ್ದನ್ನು ನಾಲ್ಕು ಬೆರಳಗಲಕ್ಕೆ ಪರಪರ ಹರಿದಳು. ಹಂಡೆಯಲ್ಲಿ ಹಾಕಿ ಕುದಿಸಿದಳು. ಕೇರಿಯ ತುಂಬ ಹಗ್ಗ ಕಟ್ಟಿ ಒಣಗಹಾಕಿದಳು.

ಹಳಿ ಕೆಲಸ ಮುಗಿಸಿ ಬಂದ ಕಾಶೀರಾಮ ಅವುಗಳ ಕೆಳಗೆ ಬಗ್ಗಿ ದಾಟುತ್ತ ನಕ್ಕ. "ಸಾವಕಾರನ ಧೋತರ ಕೇರಿಗಿ ಬಂತು. ಸಾವಕಾರ ಯಾವಾಗ ಬರ್ತಾನ?"

"ಕೊಯ್ಕೊಂಡಾಗ," ಎಂದಳು ಜಿಜಾಬಾಯಿ, ಹಾರುತ್ತಿದ್ದ ಒಂದು ಪಟ್ಟಿಯನ್ನು ತೊಳೆದ ಕೈಯಲ್ಲಿ ಹಿಡಿದು ಸರಿಮಾಡುತ್ತ.